ಉತ್ಸುನೊಮಿಯಾದ ಗ್ಯೋಜಾ, ಕಿವಿಯಿಂದ ನಾಲಿಗೆಗೆ

ಟೋಕಿಯೊದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿರುವ ಉತ್ಸುನೊಮಿಯಾವನ್ನು ಜಪಾನೀಯರು ಗ್ಯೋಜಾದ ಊರೆಂದೇ ಗುರುತಿಸುತ್ತಾರೆ. ಗ್ಯೋಜಾ ಎಂದರೆ ಹಿಟ್ಟಿನ ತೆಳು ಹೊದಿಕೆಯೊಳಗೆ ಹೂರಣ ತುಂಬಿದ ಕಡುಬು. ಚೀನಾದ ಜಿಯಾವೊಜಿ, ಎರಡನೆಯ ಮಹಾಯುದ್ಧದ ಬಳಿಕ ಈಶಾನ್ಯ ಚೀನಾದ ಮಂಚೂರಿಯಾದಿಂದ ಮರಳಿದವರ ಮೂಲಕ ಜಪಾನಿನಲ್ಲೆಲ್ಲ ಬಳಕೆಗೆ ಬಂದು ಗ್ಯೋಜಾ ಆಯಿತು. ಚೀನಾದಲ್ಲಿ ಅದನ್ನು ಹೆಚ್ಚಾಗಿ ನೀರಿನಲ್ಲಿ ಬೇಯಿಸಿದರೆ, ಇಲ್ಲಿ ಕಾವಲಿಯಲ್ಲಿ ಕೆಂಪಗೆ ಮಾಡಿದ ಯಾಕಿ ಗ್ಯೋಜಾವೇ ಮುಖ್ಯ.

ಜಪಾನಿ ಸಹೋದ್ಯೋಗಿಯೊಬ್ಬರ ಜೊತೆ ನಾನು ಅಲ್ಲಿನ ಸಣ್ಣ ಅಂಗಡಿಯೊಂದರಲ್ಲಿ, ಒಲೆಗೆ ಎದುರಾಗಿದ್ದ ಆಸನದಲ್ಲಿ ಕುಳಿತಿದ್ದೆ. ಅಡುಗೆಯವರು ಒಂದೇ ಅಂಚಿಗೆ ನೆರಿಗೆ ಹಿಡಿದ ಗ್ಯೋಜಾಗಳನ್ನು ಎಣ್ಣೆ ಸವರಿದ ಕಬ್ಬಿಣದ ಕಾವಲಿಯಲ್ಲಿ ಸಾಲಾಗಿ ಕೂರಿಸಿ, ತಳ ಹದವಾಗಿ ಕೆಂಪಾಗುತ್ತಲೇ ನೀರು ಸುರಿದು ಮುಚ್ಚಳ ಮುಚ್ಚಿದರು. ಆಗ ಎದ್ದ ಸದ್ದು 'ಜೂ' ಎಂದೂ, ನೀರು ಆರುತ್ತ ಬಂದಂತೆ ಅದು 'ಪಚಿಪಚಿ'ಗೆ ತಿರುಗುತ್ತದೆಂದೂ, ಆ ಬದಲಾವಣೆಯನ್ನು ಕೇಳಿಯೇ ಮುಚ್ಚಳ ತೆಗೆಯಬೇಕೆಂದೂ ಸಹೋದ್ಯೋಗಿ ತಿಳಿಸಿದರು. ಪದ ಇಲ್ಲಿ ವರ್ಣನೆಯಷ್ಟೇ ಆಗಿರದೆ ಅಡುಗೆಯ ಅಳತೆಯೂ ಆಗಿತ್ತು.

ತಟ್ಟೆಗೆ ಬಂದದ್ದು ತಳಭಾಗ ಮೇಲಾಗಿ ಮಗುಚಿದ ಗ್ಯೋಜಾ. ಕೆಂಪಗಾದ ತಳ 'ಕರಿಕರಿ', ಅಂದರೆ ಕಚ್ಚಿದಾಗ ಸದ್ದಾಗುವ ಗರಿಮುರಿ ಹದ; ಹಬೆಯಲ್ಲಿ ಬೆಂದ ಉಳಿದ ಹೊದಿಕೆ 'ಮೊಚಿಮೊಚಿ', ಅಂದರೆ ಹಲ್ಲಿಗೆ ಮೆತ್ತಗೆ ಸಿಕ್ಕಿ ಎಳೆಯುವ ಹದ. ಹಿಟ್ಟು ಕದಡಿದ ನೀರು ಹಾಕಿದರೆ ಗ್ಯೋಜಾಗಳ ನಡುವೆ ಹರಡಿಕೊಳ್ಳುವ ತೆಳುವಾದ ಹಾಳೆಗೆ 'ಹನೆ', ಅಂದರೆ ರೆಕ್ಕೆ, ಎಂದು ಹೆಸರು. ಅದು ಮುರಿಯುವ ಬಗೆ 'ಪರಿಪರಿ'. ಕರಿಕರಿಗೆ ದಪ್ಪವಿದೆ, ಪರಿಪರಿಗೆ ಇಲ್ಲ. ಗರಿಗರಿ, ಕುರುಕುರು ಎಂಬ ಅನುಕರಣಾವ್ಯಯಗಳೊಡನೆ ಬೆಳೆದ ನನಗೆ ಇದು ಬಹಳ ಹತ್ತಿರದ್ದೆನಿಸಿತು. ಜಪಾನಿಯಲ್ಲೂ 'ಗರಿಗರಿ' ಇದೆ. ಆದರೆ ಅದು ಐಸಿನಂಥ ಗಟ್ಟಿ ಪದಾರ್ಥವನ್ನು ಅಗಿಯುವ ಸದ್ದು, ಗ್ಯೋಜಾಕ್ಕೆ ಹೇಳಿದರೆ ಹೊಗಳಿಕೆಯಾಗದು.

ಸೋಯಾ ಸಾಸ್, ವಿನಿಗರ್ ಮತ್ತು 'ರಾಯು' ಎಂಬ ಮೆಣಸಿನಕಾಯಿ ಎಣ್ಣೆಯನ್ನು ನಾವೇ ಬೆರೆಸಿಕೊಂಡೆವು. ರೆಕ್ಕೆಯನ್ನು ಅದರಲ್ಲಿ ಅದ್ದಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅದ್ದಿದೊಡನೆ ಪರಿಪರಿ ಹೋಗುತ್ತದೆ. ಬಳಿಕ ನೀರಿನಲ್ಲಿ ಬೇಯಿಸಿದ ಸುಯಿ ಗ್ಯೋಜಾವನ್ನು ತರಿಸಿದಾಗ ಕರಿಕರಿ, ಪರಿಪರಿ ಎರಡಕ್ಕೂ ಅಲ್ಲಿ ಕೆಲಸವಿರಲಿಲ್ಲ. ನುಣುಪಾಗಿ ಜಾರಿ ಗಂಟಲಿಗಿಳಿದ ಅದನ್ನು ಸಹೋದ್ಯೋಗಿ 'ತ್ಸುರುತ್ಸುರು' ಎಂದರು.