ಓದದೆ ಸಹಿ ಹಾಕಬೇಡ, ಬಹಿನಿ

ನಮ್ಮ ಶಿಬಿರದ ಮೊದಲನೇ ದಿನ ಬೆಳಗಿನ ಚಹಾ ಮುಗಿದ ಮೇಲೆ ದಪ್ಪ ರಟ್ಟಿನ ಒಂದು ಪುಸ್ತಕವನ್ನು ಮೇಜಿನ ಮೇಲಿಟ್ಟು, "ಎಲ್ಲರೂ ಸಹಿ ಹಾಕಿ ಪಕ್ಕದವರಿಗೆ ಕೊಡಿ" ಅಂದೆವು. ಹೇಳಿದ್ದು ಅಷ್ಟೇ. ಪಟ್ಟಿಯಲ್ಲಿ ಇಪ್ಪತ್ತೆರಡು ಹುಡುಗಿಯರು. ಐದು ನಿಮಿಷದಲ್ಲಿ ಪುಸ್ತಕ ಕೋಣೆಯೆಲ್ಲ ಸುತ್ತಿ ವಾಪಸ್ ಬಂತು. ಇಪ್ಪತ್ತೊಂದು ಸಹಿ. ಆಮೇಲೆ ಪುಟದ ಮೇಲ್ಗಡೆ ಬರೆದಿದ್ದ ನಾಲ್ಕು ಸಾಲನ್ನು ಗಟ್ಟಿಯಾಗಿ ಓದಿದೆವು. ವಾರ್ಡಿನ ಮಹಿಳಾ ಕಾರ್ಯಕ್ರಮಕ್ಕೆ ಇಟ್ಟಿದ್ದ ಹಣವನ್ನು ಡೋಜರ್ ಬಾಡಿಗೆಗೆ ಬಳಸಲು ಸಭೆ ಒಮ್ಮತದಿಂದ ತೀರ್ಮಾನಿಸಿದೆ, ಅಂತ ಇತ್ತು.

ಕೋಣೆಯಲ್ಲಿ ಉಸಿರಿಲ್ಲ. ಸಹಿ ಹಾಕದ ಆ ಒಬ್ಬಳು ಓದಿ ನೋಡಿ ಬಿಟ್ಟವಳೇನಲ್ಲ. ಜನಕಪುರದ ಬಸ್ಸು ತಡವಾಗಿತ್ತು, ಅವಳಿನ್ನೂ ಬಂದೇ ಇರಲಿಲ್ಲ.

ನೇಪಾಳದ ಲಲಿತಪುರಕ್ಕೆ ಬಂದು ನಮಗೆ ಇದು ಏಳನೇ ವರ್ಷ. ಊರಿಂದ ಫೋನ್ ಮಾಡುವವರು ಕೇಳುವುದು ಎರಡೇ ವಿಷಯ: ಪಶುಪತಿನಾಥನ ದರ್ಶನ ಆಯ್ತಾ, ಮುಕ್ತಿನಾಥಕ್ಕೆ ಹೋಗೋದು ಹೇಗೆ. ಪಶುಪತಿಯಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರೇ ಅಂದುಬಿಟ್ಟರೆ ಮುಗೀತು, ಅರ್ಧ ಗಂಟೆ ಮಾತು ಅಲ್ಲೇ. ನಾನು ಇಲ್ಲಿ ಏನು ಮಾಡುತ್ತೇನೆ ಅಂತ ಕೇಳುವವರು ಕಡಿಮೆ. ಕೇಳದಿದ್ದರೂ ಹೇಳುತ್ತೇನೆ.

ರಾಜಕೀಯಕ್ಕೆ ಇಳಿಯಬೇಕು ಅಂದುಕೊಂಡಿರುವ, ಇಪ್ಪತ್ತರ ಆಸುಪಾಸಿನ ನೇಪಾಳಿ ಹುಡುಗಿಯರಿಗೆ ನಾವು ಕೆಲವರು ಸೇರಿ ಶಿಬಿರ ನಡೆಸುತ್ತೇವೆ. ಎರಡು ವಾರ ಇಲ್ಲಿ, ಒಂದು ವಾರ ಯಾವುದಾದರೂ ಪಾಲಿಕೆಯ ಕಚೇರಿಯಲ್ಲಿ (ಹಳ್ಳಿಯದ್ದಾಗಲಿ ನಗರದ್ದಾಗಲಿ, ಸ್ಥಳೀಯ ಸರ್ಕಾರಕ್ಕೆ ಇಲ್ಲಿ ಪಾಲಿಕೆ ಅಂತಲೇ ಹೆಸರು). ಭಾಷಣ ಮಾಡುವುದನ್ನು ಕಲಿಸುವವರು ಕಾಠ್ಮಂಡುವಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾವು ಕಲಿಸುವುದು ಕಾಗದ ಓದುವುದನ್ನು. ಕೇಳಿದರೆ ಸಪ್ಪೆ ಅನಿಸುತ್ತದೆ ಅಲ್ವಾ? ನನಗೂ ಮೊದಲು ಹಾಗೇ ಅನಿಸಿತ್ತು. ಆಗ ನೆನಪಾದದ್ದು ನನ್ನ ಸೋದರತ್ತೆ.

1987ರಲ್ಲಿ ನಮ್ಮಲ್ಲಿ ಮಂಡಲ ಪಂಚಾಯ್ತಿ ಚುನಾವಣೆ ಆಯಿತಲ್ಲ, ಹೆಂಗಸರಿಗೆ ನೂರಕ್ಕೆ 25 ಸೀಟು ಅಂತ ಮೊದಲ ಸಲ ಇಟ್ಟರು. ತಿಪಟೂರಿನ ಕಡೆಯ ನಮ್ಮ ಊರಲ್ಲಿ ಅತ್ತೆಯನ್ನು ನಿಲ್ಲಿಸಿದರು, ಗೆದ್ದರು. ಆಮೇಲೆ ತಿಂಗಳಿಗೊಮ್ಮೆ ಪಂಚಾಯ್ತಿ ಜವಾನ ನಡಾವಳಿ ಪುಸ್ತಕ ಹಿಡಿದು ಹಿತ್ತಲ ಬಾಗಿಲಿಗೇ ಬರುತ್ತಿದ್ದ. ಅತ್ತೆ ಕೈ ಸೆರಗಿಗೆ ಒರೆಸಿಕೊಂಡು, ಒಲೆಯ ಪಕ್ಕದ ಗೋಡೆಗೆ ಪುಸ್ತಕ ಆನಿಸಿ ಸಹಿ ಹಾಕುತ್ತಿದ್ದರು. ಜವಾನನಿಗೆ ಮಜ್ಜಿಗೆ. ಸಭೆಗೆ ಅವರು ಹೋಗಿದ್ದನ್ನು ನಾನು ಎರಡು ಸಲಕ್ಕಿಂತ ಜಾಸ್ತಿ ನೋಡಿಲ್ಲ. ಅತ್ತೆ ದಡ್ಡಿ ಅಲ್ಲವೇ ಅಲ್ಲ. ಯಾವ ತೆಂಗಿನ ಮರ ಯಾವ ವರ್ಷ ಎಷ್ಟು ಕಾಯಿ ಬಿಟ್ಟಿತು ಅಂತ ಬಾಯಲ್ಲೇ ಲೆಕ್ಕ ಹೇಳುವವರು. ಆ ಪುಸ್ತಕದಲ್ಲಿ ಏನಿದೆ ಅಂತ ಅವರಿಗೆ ಯಾರೂ ಹೇಳಲಿಲ್ಲ, ಅಷ್ಟೇ. ಅವರೂ ಕೇಳಲಿಲ್ಲ.

ನೇಪಾಳದಲ್ಲಿ ಇದೇ ಕಥೆ ಮೂವತ್ತು ವರ್ಷ ತಡವಾಗಿ, ಆದರೆ ಇನ್ನೂ ದೊಡ್ಡದಾಗಿ ನಡೆಯಿತು. 2015ರ ಹೊಸ ಸಂವಿಧಾನದ ಮೇಲೆ ದೇಶವನ್ನು 753 ಪಾಲಿಕೆಗಳಾಗಿ, ಅವನ್ನು 6,743 ವಾರ್ಡುಗಳಾಗಿ ವಿಂಗಡಿಸಿದರು. ಪ್ರತಿ ವಾರ್ಡಿಗೆ ಒಬ್ಬ ಅಧ್ಯಕ್ಷ, ನಾಲ್ಕು ಸದಸ್ಯರು. ನಾಲ್ವರಲ್ಲಿ ಇಬ್ಬರು ಹೆಂಗಸರು, ಆ ಇಬ್ಬರಲ್ಲಿ ಒಬ್ಬಳು ದಲಿತ ಹೆಂಗಸು ಇರಲೇಬೇಕು. 2017ರಲ್ಲಿ ಚುನಾವಣೆ ನಡೆದಾಗ ಒಂದೇ ಏಟಿಗೆ 14 ಸಾವಿರಕ್ಕೂ ಹೆಚ್ಚು ಹೆಂಗಸರು ಗೆದ್ದು ಬಂದರು, ಒಟ್ಟು ಗೆದ್ದವರಲ್ಲಿ ನೂರಕ್ಕೆ 41. ಅದಕ್ಕೆ ಮುಂಚೆ ಸ್ಥಳೀಯ ಚುನಾವಣೆ ನಡೆದಿದ್ದು 1997ರಲ್ಲಿ. ಆಗ ಗೆದ್ದವರ ಅವಧಿ 2002ರಲ್ಲಿ ಮುಗಿದ ಮೇಲೆ ಸುಮಾರು ಹದಿನೈದು ವರ್ಷ ಊರೂರಲ್ಲಿ ಚುನಾಯಿತರೇ ಇರಲಿಲ್ಲ. ಹಾಗಾಗಿ ಹೊಸಬರಿಗೆ ನೋಡಿ ಕಲಿಯಲು ಹಳಬರೂ ಇರಲಿಲ್ಲ.

ಇಲ್ಲಿನ ಕಾನೂನಿನಲ್ಲಿ ಇನ್ನೊಂದು ಮಾತಿದೆ. ಒಂದು ಪಕ್ಷ ಪಾಲಿಕೆಯ ಪ್ರಮುಖ (ಮೇಯರ್ ಇಲ್ಲವೇ ಅಧ್ಯಕ್ಷ), ಉಪಪ್ರಮುಖ ಎರಡಕ್ಕೂ ಅಭ್ಯರ್ಥಿ ಹಾಕಿದರೆ ಒಬ್ಬರು ಹೆಂಗಸಾಗಿರಬೇಕು. ಪಕ್ಷಗಳು ಏನು ಮಾಡಿರುತ್ತವೆ ಅಂತ ನೀವೇ ಊಹಿಸಿ. 2017ರಲ್ಲಿ 753 ಕಡೆ 700 ಉಪ ಸ್ಥಾನ ಹೆಂಗಸರಿಗೆ, ಮೇಲಿನ ಸ್ಥಾನ ಸಿಕ್ಕಿದ್ದು 18 ಜನಕ್ಕೆ. 2022ರಲ್ಲಿ ಮೇಲಿನವರು 25 ಆದರು, ಸರಿ. ಆದರೆ ಉಪ ಸ್ಥಾನದವರು 600ಕ್ಕಿಂತ ಕೆಳಗಿಳಿದರು. ಪಕ್ಷಗಳು ಮೈತ್ರಿ ಮಾಡಿಕೊಂಡು ಪ್ರಮುಖ ನಿನಗೆ, ಉಪಪ್ರಮುಖ ನನಗೆ ಅಂತ ಹಂಚಿಕೊಂಡರೆ ಒಂದು ಪಕ್ಷ ಹಾಕುವುದು ಒಬ್ಬರನ್ನೇ. ಆಗ ಕಾನೂನು ತಗಲುವುದಿಲ್ಲ. ಈ ಸಂದಿಯನ್ನು ಕಂಡುಹಿಡಿದವರ ಬುದ್ಧಿಗೆ ಬಹುಮಾನ ಕೊಡಬೇಕು.

ಶಿಬಿರದಲ್ಲಿ ಈ ಲೆಕ್ಕ ಹೇಳಿದಾಗ ಒಬ್ಬಳು ಕೈ ಎತ್ತಿದಳು. ಕಾಠ್ಮಂಡುವಿನಲ್ಲಿ 2022ರಲ್ಲಿ ಬಾಲೇನ್ ಶಾ ಮೇಯರ್ ಆಗಿದ್ದು 61,767 ಮತದಿಂದ. ಉಪಮೇಯರ್ ಆದ ಸುನೀತಾ ಡಂಗೋಲ್‌ಗೆ ಬಿದ್ದದ್ದು 68,612. "ದಿದಿ, ಜಾಸ್ತಿ ಮತ ತಗೊಂಡವಳು ಉಪ ಯಾಕೆ?" ಬೇರೆ ಬೇರೆ ಹುದ್ದೆಯ ಸ್ಪರ್ಧೆ, ಬೇರೆ ಬೇರೆ ಎದುರಾಳಿಗಳು, ಹಾಗೆ ಹೋಲಿಸಬಾರದು ಅಂತ ವಿವರಿಸಿದೆ. ಅವಳಿಗೆ ಸಮಾಧಾನ ಆಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಆಗಲಿಲ್ಲ.

ಉಪ ಅಂದರೆ ಸುಮ್ನೆ ಕೂರುವ ಕುರ್ಚಿ ಅಂದುಕೊಳ್ಳಬೇಡಿ. ಪಾಲಿಕೆಯ ನ್ಯಾಯಿಕ ಸಮಿತಿಯ ಮುಖ್ಯಸ್ಥೆ ಅವಳೇ. ಗದ್ದೆಯ ಬದು, ನೀರಿನ ಕಾಲುವೆ, ಕೊಡದ ಕೂಲಿ, ಬೇರೆಯವರ ದನ ಮೇಯ್ದ ಪೈರು, ವಯಸ್ಸಾದ ತಂದೆ ತಾಯಿಗೆ ಅನ್ನ ಹಾಕದ ಮಕ್ಕಳು, ಇಂಥ ಜಗಳಗಳನ್ನು ಕೇಳಿ ತೀರ್ಪು ಕೊಡುವ ಅಧಿಕಾರ ಆ ಸಮಿತಿಗಿದೆ. ಇಷ್ಟವಿಲ್ಲದವರು ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು. ಬಜೆಟ್ ತಯಾರಿಸುವ ಸಮಿತಿಯನ್ನು ನಡೆಸುವವಳೂ ಅವಳೇ. ಕಾನೂನು ಓದದ, ಲೆಕ್ಕ ಕಲಿಯದ ಹೆಣ್ಣುಮಗಳ ಮೇಲೆ ಒಂದೇ ದಿನದಲ್ಲಿ ಇಷ್ಟೆಲ್ಲ ಹೊರಿಸಿದರು.

ಅದಕ್ಕೇ ನಮ್ಮ ಶಿಬಿರದಲ್ಲಿ ಎರಡು ಪೂರ್ತಿ ದಿನ ನಕಲಿ ನ್ಯಾಯಿಕ ಸಮಿತಿ ನಡೆಯುತ್ತದೆ. ಮೂವರು ಮೇಜಿನ ಹಿಂದೆ ಕೂರುತ್ತಾರೆ, ಉಳಿದವರು ದೂರು ತರುತ್ತಾರೆ. ದೂರು ತರುವವರ ನಟನೆ ನೋಡಬೇಕು! ಸುರ್ಖೇತ್‌ನ ಹುಡುಗಿಯೊಬ್ಬಳು ಮೇಕೆ ಕಳೆದುಕೊಂಡ ಮುದುಕಿಯಾಗಿ ಎಷ್ಟು ಅತ್ತಳೆಂದರೆ, ಸಮಿತಿಯವರು ಎದುರು ಕಡೆಯವನ ಮಾತೇ ಕೇಳದೆ ಅವಳ ಪರ ತೀರ್ಪು ಕೊಟ್ಟರು. ಮತ್ತೆ ಮಾಡಿಸಿದೆವು. ಎರಡನೇ ಸಲ ಗೊತ್ತಾಯಿತು, ಮೇಕೆ ಕಟ್ಟಿದ್ದ ಹಗ್ಗ ಅವಳದ್ದೇ ಅಲ್ಲ.

ಮಧ್ಯೆ ಬೇಕೆಂದೇ ಒಂದು ಬಲೆ ಒಡ್ಡುತ್ತೇವೆ. ಹದಿನಾಲ್ಕರ ಹುಡುಗಿಯ ಮೇಲೆ ನೆಂಟನಿಂದ ಅತ್ಯಾಚಾರ ಆಗಿದೆ, ಊರ ಹಿರಿಯರು ದುಡ್ಡು ಕೊಡಿಸಿ ಮುಗಿಸೋಣ ಅಂತ ಸಮಿತಿಗೆ ತಂದಿದ್ದಾರೆ. ಮನೆತನದ ಮಾನ, ಮುಂದೆ ಮದುವೆ ಆಗಬೇಕಾದ ಹುಡುಗಿ, ಎಲ್ಲ ಮಾತೂ ಬರುತ್ತವೆ. ಆ ಸಲ ಮೇಜಿನ ಹಿಂದೆ ಕೂತಿದ್ದವಳು ಜನಕಪುರದ ತಡದ ಬಸ್ಸಿನ ಹುಡುಗಿ. ದುಡ್ಡಿನ ಮೊತ್ತ ಹೆಚ್ಚಿಸಬೇಕು ಅಂತ ಪಕ್ಕದ ಇಬ್ಬರು ಚರ್ಚೆ ಶುರು ಮಾಡಿದ್ದರು. ಇವಳು ಕಾಗದ ಮಡಚಿ ವಾಪಸ್ ಕೊಟ್ಟು, "ಇದು ನಮ್ಮದಲ್ಲ. ಪೊಲೀಸರದ್ದು. ನಾನೇ ಜೊತೆಗೆ ಬರುತ್ತೇನೆ, ಏಳಿ" ಅಂದಳು. ಎದ್ದೂ ನಿಂತಳು. ಹಿರಿಯನ ಪಾತ್ರ ಮಾಡುತ್ತಿದ್ದವಳಿಗೆ ಮುಂದಿನ ಮಾತೇ ಹೊರಡಲಿಲ್ಲ.

ಮೊದಲ ಮೂರು ದಿನ ಈ ಹುಡುಗಿ ಬಾಯಿ ಬಿಟ್ಟಿರಲಿಲ್ಲ. ಅವಳದ್ದು ಧನುಷಾ ಜಿಲ್ಲೆ, ಮನೆಮಾತು ಮೈಥಿಲಿ. ಪಾಲಿಕೆಯ ಕಾಗದವೆಲ್ಲ ನೇಪಾಳಿ, ಅದರಲ್ಲೂ ಸರ್ಕಾರಿ ನೇಪಾಳಿ. ಬೆಟ್ಟದ ಕಡೆಯ ಹುಡುಗಿಯರು ಅವಳ ಉಚ್ಚಾರಕ್ಕೆ ನಕ್ಕರು. ಕಚೇರಿಯ ಫಾರ್ಮು ಬೇರೆ ಭಾಷೆಯಲ್ಲಿದ್ದರೆ ಹೇಗಾಗುತ್ತದೆ ಅಂತ ಬ್ಯಾಂಕಿಗೆ ಹೋಗಿ ಬಂದ ಕನ್ನಡಿಗರಿಗೆ ನಾನು ಹೇಳಬೇಕಿಲ್ಲ. ಸಂಜೆ ಖಾಜಾ, ಅಂದರೆ ತಿಂಡಿಯ ಹೊತ್ತಲ್ಲಿ ನಾವಿಬ್ಬರೂ ಚಿಉರಾ ತಿನ್ನುತ್ತಾ (ನಮ್ಮ ಅವಲಕ್ಕಿಯೇ, ಒಗ್ಗರಣೆ ಇಲ್ಲ, ಆಲೂಗಡ್ಡೆ ಪಲ್ಯ ಪಕ್ಕದಲ್ಲಿ) ಒಂದೊಂದು ಶಬ್ದ ಬಿಡಿಸುತ್ತಿದ್ದೆವು. ಇಬ್ಬರ ನೇಪಾಳಿಯೂ ಕಲಿತದ್ದೇ, ಹುಟ್ಟಿನದಲ್ಲ. ಅದರಿಂದಲೇ ಸ್ನೇಹ ಆಯಿತು.

ಬಜೆಟ್ ಪಾಠಕ್ಕೆ ನಿಜವಾದ ಹಳೆಯ ರಾತೋ ಕಿತಾಬ್ ತರಿಸುತ್ತೇವೆ. ಕೆಂಪು ಪುಸ್ತಕ, ಅಂದರೆ ಯಾವ ಕೆಲಸಕ್ಕೆ ಎಷ್ಟು ಅಂತ ಸಾಲುಸಾಲಾಗಿ ಬರೆದ ಪಟ್ಟಿ. ಮೂರು ಬಣ್ಣದ ಪೆನ್ನು ಕೊಡುತ್ತೇವೆ. ರಸ್ತೆಗೆ ಹೋದದ್ದಕ್ಕೆ ಕೆಂಪು, ಆರೋಗ್ಯ ಮತ್ತು ಶಾಲೆಗೆ ನೀಲಿ, ಹೆಂಗಸರ ಹೆಸರಿನದ್ದಕ್ಕೆ ಹಸಿರು. ಹತ್ತು ನಿಮಿಷಕ್ಕೆ ಪುಟವೆಲ್ಲ ಕೆಂಪು. ಹಸಿರು ಬಿದ್ದಿದ್ದು ಹೊಲಿಗೆ ತರಬೇತಿಗೆ, ಬ್ಯೂಟಿ ಪಾರ್ಲರ್ ತರಬೇತಿಗೆ, ತೀಜ್ ಹಬ್ಬಕ್ಕೆ. ದುಡ್ಡೆಲ್ಲ ರಸ್ತೆಗೇ ಹೋಗುವ ಇದಕ್ಕೆ ಜನರೇ ಡೋಜರೇ ವಿಕಾಸ್, ಅಂದರೆ ಬುಲ್‌ಡೋಜರ್ ಅಭಿವೃದ್ಧಿ, ಅಂತ ಹೆಸರಿಟ್ಟಿದ್ದಾರೆ. ಇಲ್ಲಿ ಆರ್ಥಿಕ ವರ್ಷ ಮುಗಿಯುವುದು ಅಸಾರ್ ತಿಂಗಳ ಕೊನೆಗೆ, ಜುಲೈ ಮಧ್ಯದಲ್ಲಿ. ಹಾಗಾಗಿ ಖರ್ಚಾಗದ ಹಣವೆಲ್ಲ ಸುರಿಯುವ ಮಳೆಯಲ್ಲಿ ಟಾರು ಆಗುತ್ತದೆ. ನಮ್ಮ ಮಾರ್ಚ್ ಎಂಡ್ ನೆನಪಾಗುತ್ತದೆ. ನಮ್ಮಲ್ಲಿ ಬಿಸಿಲಾದರೂ ಇರುತ್ತದೆ.

ಮೂರನೇ ವಾರ ಕಾಭ್ರೆ ಜಿಲ್ಲೆಯ ಒಂದು ಗಾಂವ್‌ಪಾಲಿಕೆಗೆ, ಅಂದರೆ ಹಳ್ಳಿಯ ಪಾಲಿಕೆಗೆ ಹೋದೆವು. ಅಲ್ಲಿನ ಉಪಾಧ್ಯಕ್ಷೆಯ ಹಿಂದೆ ಹುಡುಗಿಯರು ನೆರಳಿನ ಹಾಗೆ ತಿರುಗಬೇಕು, ಅಷ್ಟೇ ಕೆಲಸ. ಆಕೆಗೆ ನಲವತ್ತೈದು ಇರಬಹುದು. ಆಮಾ ಸಮೂಹದಲ್ಲಿ (ತಾಯಂದಿರ ಸಂಘ) ಉಳಿತಾಯದ ಲೆಕ್ಕ ಬರೆದು, ಸಾಮುದಾಯಿಕ ಅರಣ್ಯದ ಸಮಿತಿಯಲ್ಲಿ ಕಾರ್ಯದರ್ಶಿಯಾಗಿ, ಅಲ್ಲಿಂದ ಇಲ್ಲಿಗೆ ಬಂದವರು. ಅರಣ್ಯ ಸಮಿತಿಗಳಲ್ಲಿ ಅರ್ಧ ಹೆಂಗಸರಿರಬೇಕು ಅನ್ನುವ ನಿಯಮ ಈ ದೇಶಕ್ಕೆ ಎಷ್ಟು ಉಪಕಾರ ಮಾಡಿದೆಯೋ! ಕಟ್ಟಿಗೆ ಹಂಚುವ ಜಗಳ ತೀರಿಸಿದವರಿಗೆ ಪಾಲಿಕೆ ಸಭೆ ಏನು ಮಹಾ.

ಸಭೆ ಮುಗಿದು ಮೈನ್ಯೂಟ್ ಪುಸ್ತಕ ಬಂತು. ಆಕೆ ಕನ್ನಡಕ ಹಾಕಿಕೊಂಡು ಮೊದಲಿಂದ ಓದಿದರು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತಾ. ಹೊರಗೆ ಜೀಪು ಸ್ಟಾರ್ಟ್ ಆಗಿತ್ತು, ಯಾರೋ ಹಾರ್ನ್ ಹೊಡೆಯುತ್ತಿದ್ದರು. ಓದಿ ಆದ ಮೇಲೆ ಕೊನೆಯ ತೀರ್ಮಾನಕ್ಕೂ ಸಹಿಯ ಜಾಗಕ್ಕೂ ನಡುವೆ ಉಳಿದಿದ್ದ ಬಿಳಿ ಜಾಗದಲ್ಲಿ ಒಂದು ಓರೆ ಗೆರೆ ಎಳೆದರು, ಮೂಲೆಯಿಂದ ಮೂಲೆಗೆ. ಆಮೇಲೆ ಸಹಿ. "ಇದು ಯಾಕೆ?" ಅಂತ ಹುಡುಗಿಯೊಬ್ಬಳು ಕೇಳಿದಳು. "ಮೊದಲ ವರ್ಷ ನಾನು ಬಿಟ್ಟ ಖಾಲಿ ಜಾಗದಲ್ಲಿ ಆಮೇಲೆ ಒಂದು ರಸ್ತೆ ಬಂತು, ಬಹಿನಿ" ಅಂದರು. ಬಹಿನಿ ಅಂದರೆ ತಂಗಿ. ಎರಡು ವಾರದಲ್ಲಿ ನಾವು ಹೇಳಿಕೊಟ್ಟದ್ದಕ್ಕಿಂತ ಆ ಒಂದು ಗೆರೆ ಜಾಸ್ತಿ ಕಲಿಸಿತು.

ಇಷ್ಟೆಲ್ಲ ಕಲಿತ ಮೇಲೆ ಟಿಕೆಟ್ ಸಿಗುತ್ತದಾ? ಸ್ಥಳೀಯ ಚುನಾವಣೆಗೆ ನಿಲ್ಲಲು 21 ವರ್ಷ ತುಂಬಿರಬೇಕು. ಆ ವಯಸ್ಸಿಗೇ ಮದುವೆ ಮಾತೂ ಶುರುವಾಗಿರುತ್ತದೆ. ಮದುವೆ ಆಗದವಳಿಗೆ ಪಕ್ಷದವರು ಹೇಳುವುದು, "ನಾಳೆ ನೀನು ಬೇರೆ ಊರಿಗೆ ಹೋಗುವವಳು, ನಿನ್ನ ಮೇಲೆ ಯಾಕೆ ದುಡ್ಡು ಹಾಕಬೇಕು?" ಮದುವೆ ಆದವಳಿಗೆ, "ನೀನು ಮೊನ್ನೆ ಬಂದ ಸೊಸೆ, ನಿನ್ನನ್ನು ಇಲ್ಲಿ ಯಾರು ಬಲ್ಲರು?" ಮೈತಿ ಅಂದರೆ ತವರು, ಘರ್ ಅಂದರೆ ಗಂಡನ ಮನೆ. ಎರಡರ ನಡುವೆ ಎಲ್ಲೂ ಮತದಾರರಿಲ್ಲ. ಭರತ್‌ಪುರದಲ್ಲಿ 2017 ಮತ್ತು 2022 ಎರಡೂ ಬಾರಿ ಮೇಯರ್ ಆಗಿ ಗೆದ್ದ ರೇಣು ದಹಾಲ್ ಮಾಜಿ ಪ್ರಧಾನಿ ಪ್ರಚಂಡರ ಮಗಳು. ಈ ಹುಡುಗಿಯರ ಅಪ್ಪಂದಿರು ಹೆಚ್ಚಿನವರು ಕತಾರ್‌ನಲ್ಲೋ ಮಲೇಷ್ಯಾದಲ್ಲೋ ಕೂಲಿಗೆ ಹೋದವರು.

2025ರ ಸೆಪ್ಟೆಂಬರ್ 9ರಂದು, ಯುವಜನರ ಪ್ರತಿಭಟನೆಯ ಹೊತ್ತಲ್ಲಿ, ಸರ್ಕಾರದ ಮುಖ್ಯ ಕಚೇರಿಗಳಿರುವ ಸಿಂಹ ದರ್ಬಾರ್ ಉರಿದಾಗ ನಮ್ಮ ಮನೆಯ ತಾರಸಿಗೆ ಹೊಗೆ ಕಾಣುತ್ತಿತ್ತು. ಕರ್ಫ್ಯೂ, ಅಂಗಡಿ ಬಂದ್, ಮನೆಯಲ್ಲಿ ಅಕ್ಕಿ ಇತ್ತು ಪುಣ್ಯಕ್ಕೆ. ಮೂರು ದಿನದಲ್ಲಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು, ಈ ದೇಶದ ಮೊದಲ ಮಹಿಳಾ ಪ್ರಧಾನಿ. 2016ರಲ್ಲಿ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ ಆಗಿದ್ದವರೂ ಅವರೇ. ನಮ್ಮ ಶಿಬಿರದ ಹುಡುಗಿಯರ ಗುಂಪಿನಲ್ಲಿ ಅವತ್ತು ರಾತ್ರಿ ಮೆಸೇಜುಗಳ ಸುರಿಮಳೆ. ಧನುಷಾದವಳು ಮಾತ್ರ ಬರೆದಿದ್ದು ಒಂದೇ ಸಾಲು: "ನಮ್ಮ ವಾರ್ಡಿನಲ್ಲಿ ದಲಿತ ಸದಸ್ಯೆಯ ಸೀಟು ಇನ್ನೂ ಖಾಲಿ ಇದೆ." ಕೆಲವು ವಾರ್ಡುಗಳಲ್ಲಿ ನಾಮಪತ್ರ ಹಾಕುವವರೇ ಸಿಗದೆ ಆ ಸೀಟು ಹಾಗೇ ಉಳಿದದ್ದು ನಿಜ.

ಕಳೆದ ವಾರ ಅವಳ ಫೋನ್ ಬಂತು. ಊರಲ್ಲಿ ಚರಂಡಿ ಕೆಲಸಕ್ಕೆ ಉಪಭೋಕ್ತಾ ಸಮಿತಿ ಮಾಡಿದ್ದಾರೆ. ಇಲ್ಲಿ ಸಣ್ಣಪುಟ್ಟ ಕೆಲಸಗಳನ್ನೆಲ್ಲ ಗುತ್ತಿಗೆದಾರರ ಬದಲು ಊರವರ ಸಮಿತಿಯೇ ಮಾಡಿಸುತ್ತದೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರಲ್ಲಿ ಒಬ್ಬಳಾದರೂ ಹೆಣ್ಣಿರಬೇಕು ಅನ್ನುವ ನಿಯಮ. ಇವಳನ್ನು ಖಜಾಂಚಿ ಮಾಡಿದ್ದಾರೆ. ಓದಿದವಳು, ಮೆತ್ತಗಿನವಳು, ಹೇಳಿದ ಹಾಗೆ ಕೇಳುತ್ತಾಳೆ ಅಂತ ಲೆಕ್ಕ ಇರಬೇಕು.

"ರಾತ್ರಿ ಒಂಬತ್ತಕ್ಕೆ ಅಧ್ಯಕ್ಷರು ಮನೆಗೆ ಬಂದರು ದಿದಿ. ಖಾಲಿ ಚೆಕ್‌ಗೆ ಸಹಿ ಹಾಕಿಕೊಡು, ಬೆಳಗ್ಗೆ ಸಿಮೆಂಟ್ ತರಬೇಕು ಅಂದರು. ಬಿಲ್ ತನ್ನಿ, ಎಷ್ಟಿದೆಯೋ ಅಷ್ಟು ಬರೆದುಕೊಡುತ್ತೇನೆ ಅಂದೆ. ಅಪ್ಪನ ವಯಸ್ಸಿನವರು. ಅಮ್ಮ ಒಳಗಿಂದ ಸನ್ನೆ ಮಾಡ್ತಿದ್ದಳು, ಹಾಕಿಬಿಡು ಅಂತ."

"ಬಿಲ್ ತಂದ್ರಾ?"

"ಇಲ್ಲ. ನಾಳೆ ತರ್ತೀನಿ ಅಂತಾರೆ. ನಾಲ್ಕು ದಿನ ಆಯ್ತು. ಚರಂಡಿ ಅಗೆದು ಹಾಗೇ ಬಿಟ್ಟಿದ್ದಾರೆ. ಅಂಗಡಿಗೆ ಹೋದರೆ ಎಲ್ಲ ನನ್ನನ್ನೇ ಬೈತಾರೆ. ನಿನ್ನೆ ಒಂದು ಕರು ಬಿದ್ದಿತ್ತು."

"ಚೆಕ್ ಪುಸ್ತಕ?"

"ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೀನಿ."