ಢಿಕ್ಕಿಯಲ್ಲೂ ತಾಗದ ನಕ್ಷತ್ರಗಳು

ಆಂಡ್ರೊಮಿಡಾ ಗೆಲಾಕ್ಸಿ ಬಂದು ನಮ್ಮ ಆಕಾಶಗಂಗೆಗೆ ಅಪ್ಪಳಿಸುವ ವಿಡಿಯೊ ಒಂದು ನಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಆಗಾಗ ಬರುತ್ತಲೇ ಇರುತ್ತದೆ. ಎರಡು ಸುಳಿಗಳು ಎದುರುಬದುರಾಗಿ ಬಂದು, ಬೆಂಕಿಯುಂಡೆಗಳು ಸಿಡಿದು, ಅರ್ಧ ನಿಮಿಷದೊಳಗೆ ಭೂಮಿಯೂ ಬೂದಿಯಾಗುವ ದೃಶ್ಯ ಅದು. ಕಳೆದ ಸಲ ಅದು ಬಂದಾಗ ಉಡುಪಿಯಲ್ಲಿ ಹೈಸ್ಕೂಲಿಗೆ ಹೋಗುವ ಅಕ್ಕನ ಮಗಳು ನನ್ನನ್ನೇ ಹಿಡಿದು ಕೇಳಿದಳು: “ಮಾವ, ಅಷ್ಟೊಂದು ನಕ್ಷತ್ರ ಇರುವಾಗ ಒಂದಾದರೂ ನಮ್ಮ ಸೂರ್ಯನಿಗೆ ಬಡಿಯದೆ ಇರುತ್ತದಾ?” ಆಕಾಶಗಂಗೆಯಲ್ಲಿ ಕಡಿಮೆಯೆಂದರೂ ಹತ್ತು ಸಾವಿರ ಕೋಟಿ ನಕ್ಷತ್ರಗಳಿವೆ, ಆಂಡ್ರೊಮಿಡಾದಲ್ಲಿ ಅದಕ್ಕಿಂತಲೂ ಬಹಳ ಹೆಚ್ಚು. ಹಾಗಿರುವಾಗ ಆಕೆಯ ಸಂಶಯ ನ್ಯಾಯವಾದದ್ದೇ. ಆದರೆ ಉತ್ತರ ಮಾತ್ರ “ಬಡಿಯುವುದಿಲ್ಲ” ಎಂದೇ, ಮತ್ತು ಯಾಕೆ ಬಡಿಯುವುದಿಲ್ಲ ಎಂಬುದನ್ನು ಫೋನಿನಲ್ಲಿ ಎರಡು ಸಾಲಿನಲ್ಲಿ ಹೇಳಿ ಮುಗಿಸುವಂತಿಲ್ಲ.

ಸೂರ್ಯನನ್ನು ಐದು ಮಿಲಿಮೀಟರಿನ ಒಂದು ಒಳ್ಳೆಮೆಣಸಿನ ಕಾಳು ಎಂದು ಇಟ್ಟುಕೊಂಡು, ಅದನ್ನು ಮಂಗಳೂರಿನ ಹಂಪನಕಟ್ಟೆಯಲ್ಲಿ ಇಡೋಣ. ಆಗ ಭೂಮಿಯು ಅದರಿಂದ ಅರ್ಧ ಮೀಟರಿನಾಚೆ, ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಕಣ. ನೆಪ್ಚೂನ್ ಸುಮಾರು 16 ಮೀಟರ್ ದೂರದಲ್ಲಿ, ರಸ್ತೆಯ ಆಚೆ ಬದಿಯಲ್ಲಿ. ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ ಇರುವುದು 4.24 ಜ್ಯೋತಿರ್ವರ್ಷ ದೂರದಲ್ಲಿ. ನಮ್ಮ ಅಳತೆಯಲ್ಲಿ ಅದು ನೇರ ಗೆರೆಯಲ್ಲಿ ನೂರನಲವತ್ತು ಕಿಲೋಮೀಟರ್ ಆಚೆ, ಅಂದರೆ ಮುರ್ಡೇಶ್ವರದ ಆಸುಪಾಸಿನಲ್ಲಿ ಬಿದ್ದಿರುವ, ಸಾಸಿವೆಗಿಂತಲೂ ಚಿಕ್ಕದಾದ ಇನ್ನೊಂದು ಕಾಳು. ನಡುವೆ ಮೂಲ್ಕಿ, ಕಾಪು, ಉಡುಪಿ, ಕುಂದಾಪುರ, ಬೈಂದೂರು, ಭಟ್ಕಳ ಎಲ್ಲವೂ ಖಾಲಿ. ಇಷ್ಟು ವಿರಳವಾಗಿ ಚೆಲ್ಲಿದ ಕಾಳುಗಳ ನಡುವೆ ಅಷ್ಟೇ ವಿರಳವಾದ ಇನ್ನೊಂದು ಗುಂಪು ಹಾದುಹೋದರೆ ಎರಡು ಕಾಳುಗಳು ಪರಸ್ಪರ ತಾಗುವ ಸಂಭವ ಎಷ್ಟಿರಬಹುದೆಂದು ಲೆಕ್ಕ ಹಾಕಲು ಗಣಿತವೇ ಬೇಕಾಗುವುದಿಲ್ಲ. ಗೆಲಾಕ್ಸಿಯ ಕೇಂದ್ರದಲ್ಲಿ ನಕ್ಷತ್ರಗಳ ದಟ್ಟಣೆ ಇದಕ್ಕಿಂತ ಎಷ್ಟೋ ಹೆಚ್ಚು. ಅಲ್ಲಿಯೂ ಢಿಕ್ಕಿ ಅಪರೂಪವೇ.

ಗೆಲಾಕ್ಸಿಗಳ ಲೆಕ್ಕ ಇದಕ್ಕೆ ತದ್ವಿರುದ್ಧ. ಆಕಾಶಗಂಗೆಯ ತಟ್ಟೆಯ ಅಗಲ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ, ಆಂಡ್ರೊಮಿಡಾದ ದೂರ 25 ಲಕ್ಷ ಜ್ಯೋತಿರ್ವರ್ಷ. ಅಂದರೆ ನಡುವೆ ಇಪ್ಪತ್ತೈದು ತಟ್ಟೆಗಳನ್ನು ಸಾಲಾಗಿ ಇಡುವಷ್ಟು ಮಾತ್ರ ಜಾಗವಿದೆ. ಸೂರ್ಯ ಮತ್ತು ಪ್ರಾಕ್ಸಿಮಾ ನಡುವೆ ಸುಮಾರು ಮೂರು ಕೋಟಿ ಸೂರ್ಯರನ್ನು ಸಾಲಾಗಿ ಇಡಬಹುದು. ನಕ್ಷತ್ರಗಳು ತಮ್ಮ ಗಾತ್ರಕ್ಕೆ ಹೋಲಿಸಿದರೆ ಬಹುದೂರ, ಗೆಲಾಕ್ಸಿಗಳು ತಮ್ಮ ಗಾತ್ರಕ್ಕೆ ಹೋಲಿಸಿದರೆ ನೆರೆಮನೆಯವು. ಆದುದರಿಂದಲೇ ಗೆಲಾಕ್ಸಿಗಳ ನಡುವಿನ ಢಿಕ್ಕಿ ವಿಶ್ವದಲ್ಲಿ ದಿನನಿತ್ಯದ ವ್ಯವಹಾರ, ಆ ಢಿಕ್ಕಿಯೊಳಗೆ ನಕ್ಷತ್ರಗಳ ಢಿಕ್ಕಿ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ.

ಹಾಗಾದರೆ ಅಲ್ಲಿ ನಡೆಯುವುದಾದರೂ ಏನು? ಮುಖ್ಯವಾಗಿ ಗುರುತ್ವದ ಎಳೆದಾಟ, ಮತ್ತು ಕರಾವಳಿಯವರಾದ ನಮಗೆ ಆ ಎಳೆದಾಟದ ಪರಿಚಯ ಹೊಸತಾಗಿ ಆಗಬೇಕಾದ್ದಿಲ್ಲ. ಅಳಿವೆಬಾಗಿಲಿನಲ್ಲಿ ನೀರು ಏರುವುದೂ ಇಳಿಯುವುದೂ ಚಂದ್ರನ ಎಳೆತ ಎಲ್ಲ ಕಡೆ ಒಂದೇ ಸಮನಾಗಿ ಇಲ್ಲದ ಕಾರಣಕ್ಕೆ: ಚಂದ್ರನ ಕಡೆಗಿರುವ ಸಮುದ್ರದ ಮೇಲೆ ಅದರ ಸೆಳೆತ ಭೂಮಿಯ ಕೇಂದ್ರದ ಮೇಲಿನ ಸೆಳೆತಕ್ಕಿಂತ ಸ್ವಲ್ಪ ಹೆಚ್ಚು, ಆಚೆ ಬದಿಯ ಸಮುದ್ರದ ಮೇಲೆ ಸ್ವಲ್ಪ ಕಡಿಮೆ, ಹೀಗಾಗಿ ನೀರು ಎರಡೂ ಬದಿಗೆ ಉಬ್ಬುತ್ತದೆ. ಗೆಲಾಕ್ಸಿಗಳು ಹತ್ತಿರ ಬಂದಾಗ ಕೆಲಸ ಮಾಡುವುದು ಇದೇ ಉಬ್ಬರದ ಬಲ. ಈಚೆ ಬದಿಯ ನಕ್ಷತ್ರಗಳು ಆಗಂತುಕನ ಕಡೆಗೆ ಸೇತುವೆಯಂತೆ ಹರಿಯುತ್ತವೆ. ಆಚೆ ಬದಿಯವು ಹಿಂದೆ ಉಳಿದು, ತಟ್ಟೆಯ ತಿರುಗುವಿಕೆಯಿಂದಾಗಿ ಲಕ್ಷಾಂತರ ಜ್ಯೋತಿರ್ವರ್ಷ ಉದ್ದದ ಸಪೂರ ಬಾಲವಾಗಿ ಚಾಚಿಕೊಳ್ಳುತ್ತವೆ. ತಟ್ಟೆ ತಿರುಗುವ ದಿಕ್ಕಿನಲ್ಲೇ ಆಗಂತುಕ ಸುತ್ತಿ ಹೋದರೆ ಬಾಲ ಬಹಳ ಉದ್ದ, ವಿರುದ್ಧ ದಿಕ್ಕಿನಲ್ಲಿ ಹೋದರೆ ತಟ್ಟೆಗೆ ಅಷ್ಟೇನೂ ಧಕ್ಕೆಯಿಲ್ಲ.

ಇದನ್ನು ಮೊದಲು ಪ್ರಯೋಗದಿಂದ ತೋರಿಸಲು ಹೊರಟವರ ಕಥೆ ನನಗೆ ಬಹಳ ಇಷ್ಟ. 1941ರಲ್ಲಿ ಕಂಪ್ಯೂಟರ್ ಎಂಬುದು ಖಗೋಳಜ್ಞರ ಕೈಗೆ ಸಿಕ್ಕಿರಲಿಲ್ಲ. ಸ್ವೀಡನ್ನಿನ ಎರಿಕ್ ಹೋಲ್ಮ್‌ಬರ್ಗ್ ಅವರು ಗೆಲಾಕ್ಸಿಯೊಂದಕ್ಕೆ 37ರಂತೆ ಒಟ್ಟು 74 ವಿದ್ಯುತ್ ಬಲ್ಬುಗಳನ್ನು ಹರಡಿ, ಒಂದೊಂದು ಬಲ್ಬಿನ ಜಾಗದಲ್ಲಿಯೂ ಸುತ್ತಲಿನಿಂದ ಎಷ್ಟು ಬೆಳಕು ಬೀಳುತ್ತದೆಂದು ಫೋಟೊಸೆಲ್‌ನಿಂದ ಅಳೆದರು. ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ; ಗುರುತ್ವವೂ ಹಾಗೆಯೇ. ಆದ್ದರಿಂದ ಒಂದು ಬಲ್ಬಿಗೆ ಯಾವ ದಿಕ್ಕಿನಿಂದ ಎಷ್ಟು ಬೆಳಕು ಬರುತ್ತದೆಯೋ ಆ ದಿಕ್ಕಿಗೆ ಅಷ್ಟು ಎಳೆತ ಎಂದು ಲೆಕ್ಕ ಹಾಕಿ, ಪ್ರತಿ ಬಲ್ಬನ್ನೂ ಕೈಯಿಂದ ಒಂದಿಷ್ಟು ಸರಿಸಿ, ಮತ್ತೆ ಅಳೆದು, ಮತ್ತೆ ಸರಿಸುತ್ತ ಅವರು ಎರಡು ಗೆಲಾಕ್ಸಿಗಳ ಭೇಟಿಯನ್ನು ಹೆಜ್ಜೆಹೆಜ್ಜೆಯಾಗಿ ನಡೆಸಿದರು. ಹಾದುಹೋಗುವಾಗ ಸುರುಳಿ ತೋಳುಗಳಂತಹ ಆಕಾರಗಳು ಮೂಡಿದವು. ಎರಡೂ ಗೆಲಾಕ್ಸಿಗಳು ಚಲನೆಯ ಶಕ್ತಿಯನ್ನು ಕಳೆದುಕೊಂಡು ಒಂದನ್ನೊಂದು ಹಿಡಿದಿಟ್ಟುಕೊಳ್ಳಬಲ್ಲವು ಎಂಬುದೂ ಕಂಡುಬಂತು. ಇಂದು ನಮ್ಮ ಕಾಲೇಜಿನ ಹುಡುಗರು ಲ್ಯಾಪ್‌ಟಾಪಿನಲ್ಲಿ ಮಾಡುವ ಕೆಲಸವನ್ನು ಬಲ್ಬು ಮತ್ತು ತಾಳ್ಮೆಯಿಂದ ಮಾಡಿದ ಆ ಮನುಷ್ಯನ ಹೆಸರು ಆ ವಾಟ್ಸ್ಯಾಪ್ ವಿಡಿಯೊದಲ್ಲಿ ಎಲ್ಲಿಯೂ ಇಲ್ಲ.

1966ರಲ್ಲಿ ಅಮೆರಿಕದ ಖಗೋಳಜ್ಞ ಹಾಲ್ಟನ್ ಆರ್ಪ್ ಅವರು ವಿಚಿತ್ರ ಆಕಾರದ 338 ಗೆಲಾಕ್ಸಿಗಳ ಚಿತ್ರಸಂಪುಟವನ್ನು ಪ್ರಕಟಿಸಿದಾಗಲೂ ಅಷ್ಟು ಸಪೂರವಾದ ಬಾಲಗಳು ಬರೇ ಗುರುತ್ವದಿಂದ ಹುಟ್ಟಲಾರವೆಂಬ ಸಂಶಯ ಹಲವರಲ್ಲಿತ್ತು. 1972ರಲ್ಲಿ ಎಸ್ಟೋನಿಯಾ ಮೂಲದ ಸಹೋದರರಾದ ಅಲಾರ್ ಮತ್ತು ಯೂರಿ ಟೂಮ್ರೆ ಕಂಪ್ಯೂಟರಿನಲ್ಲಿ ಅಂಥದೇ ಬಾಲಗಳನ್ನು ಮರುಸೃಷ್ಟಿಸಿ ಆ ಸಂಶಯವನ್ನು ಬಹುಮಟ್ಟಿಗೆ ನಿವಾರಿಸಿದರು. ಅವರು ಆರಿಸಿಕೊಂಡ ಉದಾಹರಣೆಗಳಲ್ಲಿ ಒಂದು ನಮ್ಮ ಪಂಚಾಂಗದ ಹಸ್ತಾ ನಕ್ಷತ್ರದ ದಿಕ್ಕಿನಲ್ಲಿಯೇ ಇದೆ. ಕೀಟದ ಮೀಸೆಯಂತೆ ಎರಡು ಬಾಲ ಚಾಚಿರುವ ‘ಆಂಟೆನಾ’ ಗೆಲಾಕ್ಸಿಗಳು ಅವು, ನಮ್ಮಿಂದ ಆರೇಳು ಕೋಟಿ ಜ್ಯೋತಿರ್ವರ್ಷ ದೂರ. ಇನ್ನೊಂದು, ಸಪ್ತರ್ಷಿ ಮಂಡಲದ ತುದಿಯ ಮರೀಚಿಯ ಪಕ್ಕದಲ್ಲಿರುವ ಸುಳಿ ಗೆಲಾಕ್ಸಿ ಎಂ51, ತನ್ನ ಚಿಕ್ಕ ಜೊತೆಗಾರನ ಜೊತೆಗೆ.

ನಕ್ಷತ್ರಗಳು ತಾಗದಿದ್ದರೂ ಅನಿಲ ತಾಗುತ್ತದೆ. ನಕ್ಷತ್ರಗಳ ನಡುವೆ ಹರಡಿರುವ ಅನಿಲದ ಮೋಡಗಳು ಹತ್ತಾರು, ನೂರಾರು ಜ್ಯೋತಿರ್ವರ್ಷ ಅಗಲದವು. ಅವು ಪಕ್ಕಕ್ಕೆ ಸರಿದುಹೋಗುವ ಹಾಗಿಲ್ಲ. ಮೋಡ ಮೋಡಕ್ಕೆ ಬಡಿದು, ಅನಿಲ ಒತ್ತಿಕೊಂಡು, ತನ್ನ ಭಾರಕ್ಕೇ ಕುಸಿದು ನಕ್ಷತ್ರಗಳಾಗುತ್ತದೆ. ಆಂಟೆನಾ ಗೆಲಾಕ್ಸಿಗಳಲ್ಲಿ ಹೀಗೆ ಹುಟ್ಟಿದ ಸಾವಿರಕ್ಕೂ ಹೆಚ್ಚು ಎಳೆಯ ನಕ್ಷತ್ರಗುಚ್ಛಗಳನ್ನು ಹಬಲ್ ದೂರದರ್ಶಕ ತೋರಿಸಿಕೊಟ್ಟಿತು. ಢಿಕ್ಕಿಯನ್ನು ನಾಶವೆಂದೇ ಚಿತ್ರಿಸುವವರು ಈ ಭಾಗವನ್ನು ಬಿಟ್ಟುಬಿಡುವುದು ನನಗೆ ಸರಿಕಾಣುವುದಿಲ್ಲ. ಆ ಗೆಲಾಕ್ಸಿಗಳಲ್ಲಿ ಇಷ್ಟೊಂದು ನಕ್ಷತ್ರಗಳು ಒಟ್ಟಿಗೆ ಹುಟ್ಟಿದ್ದು ಢಿಕ್ಕಿಯ ದೆಸೆಯಿಂದಲೇ. ಆದರೆ ಆ ಹುಟ್ಟು ಬಹುಕಾಲ ನಿಲ್ಲುವಂಥದ್ದಲ್ಲ, ಅನಿಲದ ದಾಸ್ತಾನು ಬೇಗನೆ ಖರ್ಚಾಗಿಹೋಗುತ್ತದೆ.

ಒಮ್ಮೆ ಹಾದುಹೋದ ಗೆಲಾಕ್ಸಿಗಳು ಮತ್ತೆ ಯಾಕೆ ಹಿಂದಿರುಗಿ ಬರಬೇಕು ಎಂಬ ಪ್ರಶ್ನೆಗೆ ಉತ್ತರ ಕೊಟ್ಟ ಲೆಕ್ಕ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರದು. ಭಾರವಾದ ವಸ್ತುವೊಂದು ನಕ್ಷತ್ರಗಳ ಸಮೂಹದೊಳಗೆ ಸಾಗುವಾಗ, ಅದರ ಸೆಳೆತಕ್ಕೆ ಸಿಕ್ಕ ನಕ್ಷತ್ರಗಳು ಅದರ ಬೆನ್ನ ಹಿಂದೆ ದಟ್ಟವಾಗಿ ಸೇರಿ ಅದನ್ನೇ ಹಿಂದಕ್ಕೆ ಎಳೆಯುತ್ತವೆ. ಯಾವುದೂ ಯಾವುದಕ್ಕೂ ತಾಗದೆಯೇ ವೇಗ ತಗ್ಗುತ್ತದೆ. 1943ರಲ್ಲಿ ಅವರು ವಿವರಿಸಿದ ಈ ಘರ್ಷಣೆಯನ್ನು ಗೆಲಾಕ್ಸಿಗಳನ್ನು ಸುತ್ತುವರಿದ, ಕಣ್ಣಿಗೆ ಕಾಣದೆ ಗುರುತ್ವದಿಂದ ಮಾತ್ರ ಗುರುತಿಗೆ ಸಿಗುವ ಕಪ್ಪುದ್ರವ್ಯ ಇನ್ನಷ್ಟು ಬಲಪಡಿಸುತ್ತದೆ. ಹೀಗೆ ಹಾದುಹೋಗಿ, ನಿಧಾನವಾಗಿ, ಮರಳಿ ಬಿದ್ದು, ಮತ್ತೆ ಹಾದುಹೋಗಿ, ಕೊನೆಗೆ ಬೆರೆತು ಒಂದಾಗುವುದಕ್ಕೆ ಎಷ್ಟೋ ಸಲ ನೂರು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಕೇಂದ್ರಗಳಲ್ಲಿರುವ ದೈತ್ಯ ಕಪ್ಪುರಂಧ್ರಗಳೂ ಇದೇ ರೀತಿ ನಡುವಿಗೆ ಇಳಿದು ಒಂದನ್ನೊಂದು ಸುತ್ತತೊಡಗುತ್ತವೆ. ಅಂತಹ ಜೋಡಿಗಳಿಂದ ಹೊರಟಿರಬಹುದಾದ ಅತಿ ನಿಧಾನವಾಗಿ ಕಂಪಿಸುವ ಗುರುತ್ವ ಅಲೆಗಳ ಸುಳಿವನ್ನು 2023ರಲ್ಲಿ ಪ್ರಕಟಿಸಿದ ತಂಡಗಳಲ್ಲಿ ಪುಣೆಯ ಬಳಿಯ ರೇಡಿಯೊ ದೂರದರ್ಶಕವನ್ನು ಬಳಸುವ ಭಾರತೀಯ ತಂಡವೂ ಇತ್ತು.

ಇನ್ನು ಆಂಡ್ರೊಮಿಡಾದ ವಿಷಯ. 1912ರಲ್ಲಿ ಅಮೆರಿಕದ ಲೊವೆಲ್ ವೀಕ್ಷಣಾಲಯದ ವೆಸ್ಟೊ ಸ್ಲೈಫರ್ ಅದರ ಬೆಳಕನ್ನು ಒಡೆದು ನೋಡಿದಾಗ ಅದು ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿರುವಂತೆ ಕಂಡಿತು. ಅದರಲ್ಲಿ ದೊಡ್ಡ ಪಾಲು ಆಕಾಶಗಂಗೆಯನ್ನು ಸುತ್ತುವ ಸೂರ್ಯನ ವೇಗವೇ. ಅದನ್ನು ಕಳೆದರೆ ಉಳಿಯುವುದು ಸೆಕೆಂಡಿಗೆ ಸುಮಾರು 110 ಕಿಲೋಮೀಟರ್. ಎದುರಿಗೆ ಬರುವ ವೇಗ ಗೊತ್ತಾದರೆ ಸಾಲದು, ಪಕ್ಕಕ್ಕೆ ಎಷ್ಟು ಸರಿಯುತ್ತಿದೆ ಎಂಬುದೂ ಗೊತ್ತಾಗಬೇಕು. ಹಬಲ್‌ನಿಂದ ಅದನ್ನು ಅಳೆದವರು 2012ರಲ್ಲಿ ಸುಮಾರು 400 ಕೋಟಿ ವರ್ಷಗಳಲ್ಲಿ ಢಿಕ್ಕಿ ಖಚಿತವೆಂದರು, ವಿಡಿಯೊಗಳು ಹುಟ್ಟಿಕೊಂಡವು. 2025ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ಟಿಲ್ ಸವಾಲಾ ಮತ್ತು ಸಂಗಡಿಗರು ಹಬಲ್ ಹಾಗೂ ಗಾಯಾ ಉಪಗ್ರಹದ ಅಳತೆಗಳನ್ನು, ಅವುಗಳಲ್ಲಿರುವ ಅನಿಶ್ಚಿತತೆಯ ಸಹಿತ, ಒಂದು ಲಕ್ಷ ಸಿಮ್ಯುಲೇಶನ್‌ಗಳಿಗೆ ಒಡ್ಡಿದಾಗ ಮುಂದಿನ 1,000 ಕೋಟಿ ವರ್ಷಗಳಲ್ಲಿ ಎರಡೂ ಬೆರೆಯುವ ಸಂಭವ ಐವತ್ತಕ್ಕೆ ಐವತ್ತು ಎಂದು ತೋರಿತು. 400ರಿಂದ 500 ಕೋಟಿ ವರ್ಷಗಳೊಳಗಿನ ನೇರ ಢಿಕ್ಕಿಯ ಸಂಭವ ನೂರಕ್ಕೆ ಎರಡರಷ್ಟು ಮಾತ್ರ. ನೆರೆಯ ಎಂ33 ಗೆಲಾಕ್ಸಿಯನ್ನು ಸೇರಿಸಿದರೆ ಸಂಭವ ಏರುತ್ತದೆ, ಹೆಸರಿನಲ್ಲಿ ಮೋಡವಾದರೂ ನಿಜದಲ್ಲಿ ಚಿಕ್ಕ ಗೆಲಾಕ್ಸಿಯೇ ಆಗಿರುವ ದೊಡ್ಡ ಮೆಗಲಾನಿಕ್ ಮೋಡವನ್ನು ಸೇರಿಸಿದರೆ ಇಳಿಯುತ್ತದೆ. ಭೂಮಿ ಬೂದಿಯಾಗುವುದಕ್ಕಂತೂ ಆಂಡ್ರೊಮಿಡಾ ಬರಬೇಕೆಂದಿಲ್ಲ. ಸೂರ್ಯನೇ ಕ್ರಮೇಣ ಪ್ರಖರನಾಗಿ ಸುಮಾರು ನೂರು ಕೋಟಿ ವರ್ಷಗಳಲ್ಲಿ ನಮ್ಮ ಸಮುದ್ರಗಳನ್ನು ಆರಿಸಿಬಿಡುತ್ತಾನೆ.

ಆ ಗೆಲಾಕ್ಸಿಯನ್ನು ನೋಡಬೇಕೆಂದರೆ ಮಲ್ಪೆ, ಪಣಂಬೂರಿನ ಕಡೆ ಹೋಗಿ ಪ್ರಯೋಜನವಿಲ್ಲ. ಹೆದ್ದಾರಿಯ ಎಲ್‌ಇಡಿ ದೀಪಗಳೂ ಕಡಲಿನ ಆವಿಯೂ ಸೇರಿ ಆಕಾಶವನ್ನು ಬೆಳ್ಳಗಾಗಿಸಿರುತ್ತವೆ. ಕಾರ್ಕಳದಾಚೆ ಬಜಗೋಳಿಯ ಸ್ನೇಹಿತರ ಮನೆಯ ಅಂಗಳ ನನಗೆ ಒಗ್ಗಿದ ಜಾಗ. ನವೆಂಬರಿನಲ್ಲಿ ಅಲ್ಲಿ ಹರಡಿದ ಹಣ್ಣಡಿಕೆಯನ್ನು ತುಳಿಯದೆ ಕುರ್ಚಿ ಹಾಕಿಕೊಳ್ಳುವುದೇ ಒಂದು ಸಾಹಸ. ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಉತ್ತರಕ್ಕೆ ಮುಖಮಾಡಿ ತಲೆ ಎತ್ತಿ, ಉತ್ತರಾಭಾದ್ರಾದ ಪ್ರಕಾಶಮಾನ ತಾರೆಯಿಂದ ಹೊರಟು ಎರಡು ನಕ್ಷತ್ರ ದಾಟಿ, ಅಲ್ಲಿಂದ ಪಕ್ಕಕ್ಕೆ ಎರಡು ಮಂದ ನಕ್ಷತ್ರ ಹಿಡಿದರೆ, ಅವುಗಳ ಆಚೆಗೇ ಅದು ಇರುತ್ತದೆ. ಸಾಮಾನ್ಯ ದುರ್ಬೀನಿನಲ್ಲಿ ಕಾಣುವುದು ಉದ್ದನೆಯ ಒಂದು ಬೂದುಕಲೆ, ಅಷ್ಟೇ. ನೇರವಾಗಿ ನೋಡದೆ ದೃಷ್ಟಿಯನ್ನು ತುಸು ಪಕ್ಕಕ್ಕೆ ಸರಿಸಿದರೆ ಕಲೆ ಎರಡೂ ತುದಿಗಳಲ್ಲಿ ಬೆಳೆಯುತ್ತ ಹೋಗಿ ದುರ್ಬೀನಿನ ನೋಟದ ಗಣನೀಯ ಭಾಗವನ್ನೇ ಆಕ್ರಮಿಸುತ್ತದೆ.

ಬಹುತೇಕ ಖಚಿತವಾದ ಢಿಕ್ಕಿ ಬೇರೆಯೇ ಇದೆ, ಅದಕ್ಕೆ ವಿಡಿಯೊ ಮಾಡಿದವರು ಕಡಿಮೆ. ಸುಮಾರು 1.6 ಲಕ್ಷ ಜ್ಯೋತಿರ್ವರ್ಷ ದೂರದ ದೊಡ್ಡ ಮೆಗಲಾನಿಕ್ ಮೋಡ ಎರಡು ನೂರು ಕೋಟಿ ವರ್ಷಗಳ ಆಸುಪಾಸಿನಲ್ಲಿ ಆಕಾಶಗಂಗೆಯೊಳಕ್ಕೆ ಬೀಳಲಿದೆ. ಜನವರಿಯ ರಾತ್ರಿ ಅಗಸ್ತ್ಯ ನಕ್ಷತ್ರದ ಕೆಳಗೆ, ತುಸು ಬಲಕ್ಕೆ, ದಿಗಂತದಿಂದ ಬರೇ ಏಳು ಡಿಗ್ರಿ ಎತ್ತರದಲ್ಲಿ ಅದು ಹಾದುಹೋಗುತ್ತದೆ. ನಮ್ಮ ಊರಿನಲ್ಲಿ ಆ ಏಳು ಡಿಗ್ರಿ ತೆಂಗಿನಮರಗಳ ಪಾಲು.

ಹಿಂದೆ ಆಗಿಹೋದ ಢಿಕ್ಕಿಗಳ ಕುರುಹು ಮಾತ್ರ ಬರಿಗಣ್ಣಿಗೂ ಸಿಗುತ್ತದೆ. ಗಾಯಾ ಉಪಗ್ರಹ ಅಳೆದ ನಕ್ಷತ್ರಗಳ ಚಲನೆಯಿಂದ, ಸುಮಾರು 1,000 ಕೋಟಿ ವರ್ಷಗಳ ಹಿಂದೆ ಆಕಾಶಗಂಗೆ ಸಾಕಷ್ಟು ದೊಡ್ಡದಾದ ಇನ್ನೊಂದು ಗೆಲಾಕ್ಸಿಯನ್ನು ನುಂಗಿತ್ತೆಂಬುದು 2018ರಲ್ಲಿ ಸ್ಪಷ್ಟವಾಯಿತು. ಹೀಗೆ ನುಂಗಿಸಿಕೊಂಡ ಗೆಲಾಕ್ಸಿಯೊಂದರ ತಿರುಳೇ ಇರಬೇಕೆಂದು ಬಹುಮಂದಿ ಖಗೋಳಜ್ಞರು ಭಾವಿಸುವ ಒಮೆಗಾ ಸೆಂಟಾರಿಯನ್ನು, ಪತ್ತನಾಜೆಗೆ ಮೊದಲಿನ ಮೇ ತಿಂಗಳ ರಾತ್ರಿಗಳಲ್ಲಿ, ಬಯಲಾಟಕ್ಕೆಂದು ಹೋದವರು ಹತ್ತೂವರೆಯ ಸುಮಾರಿಗೆ ಗದ್ದೆಯ ಬದಿಯಲ್ಲಿ ನಿಂತು ನೋಡಬಹುದು. ನೆತ್ತಿಯಿಂದ ದಕ್ಷಿಣಕ್ಕೆ ವಾಲಿದ ಚಿತ್ರಾ ನಕ್ಷತ್ರದಿಂದ ನೇರ ಕೆಳಗೆ ಸುಮಾರು 36 ಡಿಗ್ರಿ ಇಳಿದರೆ ಸಿಗುವ ಮಸುಕಾದ ಚುಕ್ಕೆ ಅದು. ಒಂದು ಕೋಟಿಯಷ್ಟು ನಕ್ಷತ್ರಗಳ ಮುದ್ದೆ. ಅದರ ನಡುವಿನ ಏಳು ನಕ್ಷತ್ರಗಳು ಆ ಗುಚ್ಛದಿಂದ ತಪ್ಪಿಸಿಕೊಂಡು ಹೋಗಬೇಕಾದಷ್ಟು ವೇಗದಲ್ಲಿದ್ದರೂ ಅಲ್ಲಿಯೇ ಉಳಿದಿವೆ ಎಂಬುದು ಹಬಲ್‌ನ ಇಪ್ಪತ್ತು ವರ್ಷಗಳ ಚಿತ್ರಗಳನ್ನು ಹೋಲಿಸಿದಾಗ 2024ರಲ್ಲಿ ಗೊತ್ತಾಯಿತು. ಅವನ್ನು ಹಿಡಿದಿಟ್ಟುಕೊಳ್ಳಲು ನಡುವೆ ಕನಿಷ್ಠ 8,200 ಸೂರ್ಯರಷ್ಟು ಭಾರದ ಕಪ್ಪುರಂಧ್ರ ಇರಬೇಕು, ಮತ್ತು ಅಂಥದ್ದು ಇರುವುದು ಬರಿಯ ನಕ್ಷತ್ರಗುಚ್ಛಕ್ಕಿಂತ ಹೆಚ್ಚಾಗಿ ಒಂದು ಗೆಲಾಕ್ಸಿಯ ಕೇಂದ್ರಕ್ಕೇ ಒಪ್ಪುವ ಸಂಗತಿ.