ನೀಲಿ ಬೋಗುಣಿ ಕೆಳಗಿಳಿದದ್ದು

ಸಿಯಾಟಲ್, 2024 ಅಕ್ಟೋಬರ್ 5, ಶನಿವಾರ ರಾತ್ರಿ

ಅಮ್ಮ ಇವತ್ತು ನೀಲಿ ಗಾಜಿನ ಬೋಗುಣಿಯನ್ನು ಎತ್ತಿಬಿಟ್ಟಳು.

ಒಂಬತ್ತು ವರ್ಷದಿಂದ ಅದು ಕಿಟಕಿ ಪಕ್ಕದ ಕಪಾಟಿನ ಮೇಲೆ ಕೂತಲ್ಲೇ ಕೂತಿತ್ತು. ಧೂಳು ಒರೆಸುವುದೂ ಸುತ್ತಲಷ್ಟೇ. ಭೂಕಂಪದ ಭಯಕ್ಕೆ ತಳಕ್ಕೆ ಮೇಣ ಹಚ್ಚಿ ಕೂರಿಸಿದ್ದೆ. 2001ರ ಫೆಬ್ರವರಿ 28ಕ್ಕೆ ಇಲ್ಲಿ 6.8ರ ಭೂಕಂಪ ಆದಾಗ ನಾನಿನ್ನೂ ಮೈಸೂರಲ್ಲಿದ್ದೆ. ಆದರೂ ಪಕ್ಕದ ಮನೆಯಾಕೆ ತನ್ನ ಪಿಂಗಾಣಿ ಒಡೆದ ಕತೆ ಹೇಳಿ ಹೇಳಿ, ಈಗ ಅದು ನನ್ನದೇ ಪಿಂಗಾಣಿ ಅನ್ನುವ ಹಾಗಾಗಿದೆ.

ಹುಳಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಅದು ಅಮ್ಮನ ಮಡಿಲಲ್ಲಿತ್ತು.

"ಅಂಟಿಸಿದ್ಯಲ್ಲೇ ಇದನ್ನ!"

"ಅಯ್ಯೋ, ಹೇಗೆ ಬಿಡಿಸಿದೆ ಅಮ್ಮ?"

"ಮೆಲ್ಲಗೆ ತಿರುಗಿಸಿದೆ. ಹಲಸಿನ ಮೇಣದಲ್ಲಿ ಬೆಳೆದ ಕೈ ಇದು, ನಿನ್ನ ಮೇಣ ಯಾವ ಲೆಕ್ಕ."

ಗೊಂಬೆ ಕೂರಿಸಿ ಮೂರು ದಿನವಾಯಿತು. ಶೂ ಸ್ಟ್ಯಾಂಡು, ರಟ್ಟಿನ ಡಬ್ಬ ಎಲ್ಲ ಸೇರಿ ಐದು ಮೆಟ್ಟಿಲು. ಕೆಳಗೆ ಪುಟ್ಟಿ ಸಾಸಿವೆ ಮೊಳಕೆ ಬರಿಸಿ ಪಾರ್ಕು ಮಾಡಿದ್ದಾಳೆ. ಪಾರ್ಕಿಗೆ ಕೊಳ ಬೇಕಂತೆ. ಅಜ್ಜಿ ಮೊಮ್ಮಗಳು ಸೇರಿ ತೀರ್ಮಾನ ಮಾಡಿಯಾಗಿತ್ತು, ನನ್ನನ್ನು ಕೇಳಿದವರಿಲ್ಲ.

ಅಮ್ಮ ಅದನ್ನು ಮಗುಚಿ ಅಡಿಯ ಒರಟು ಗುರುತಿನ ಮೇಲೆ ಬೆರಳಾಡಿಸಿದಳು. "ಇಲ್ಲಿ ಚಕ್ಕೆ ಎದ್ದಿದೆಯಲ್ಲೇ. ಕಮ್ಮಿಗೆ ಕೊಟ್ಟನಾ?"

ಅಲ್ಲ ಅಂದೆ. ಊದುವ ಕೊಳವೆಯಿಂದ ಬಿಡಿಸುವ ಮೊದಲು ಅಡಿಗೆ ಇನ್ನೊಂದು ಕಂಬಿ ಅಂಟಿಸಿಕೊಳ್ಳುತ್ತಾರೆ. ಬಾಯಿ ಅಗಲ ಮಾಡಿ ಮುಗಿದಮೇಲೆ ಆ ಕಂಬಿಯನ್ನು ತಟ್ಟಿ ಬಿಡಿಸುತ್ತಾರೆ. ಅದರ ಗುರುತು ಇದು.

"ಹೊಕ್ಕುಳು ಅನ್ನು."

ಆಮೇಲೆ ನನ್ನ ಬಾಯಿ ನಿಲ್ಲಲಿಲ್ಲ. 1971ರಲ್ಲಿ ಇಲ್ಲಿಂದ ಉತ್ತರಕ್ಕೆ ಸ್ಟಾನ್‌ವುಡ್ ಹತ್ತಿರ ಪಿಲ್ಚಕ್ ಅನ್ನುವ ಗಾಜಿನ ಶಾಲೆ ಶುರುವಾಯಿತು. ಈಗ ಈ ಊರಲ್ಲಿ ಗಾಜು ಊದುವವರಿಗೆ ಬರವಿಲ್ಲ. ಏಳು ತಿಂಗಳ ಬಸುರಿ ನಾನು, ಒಲೆಯಿಂದ ದೂರದ ಬೆಂಚಿನ ಮೇಲೆ ಕೂತು ಇದು ಆಗುವುದನ್ನು ನೋಡಿದ್ದೆ. ಸಾವಿರ ಡಿಗ್ರಿಗೂ ಮೀರಿದ ಕುಲುಮೆಯಿಂದ ಕೊಳವೆಯ ತುದಿಗೆ ಗಾಜು ಸುತ್ತಿಕೊಂಡು ಬಂದಾಗ ಥೇಟ್ ಒಂದೆಳೆ ಪಾಕ. ಅಂಗೈಯಲ್ಲಿ ಮಡಿಸಿದ ಒದ್ದೆ ನ್ಯೂಸ್‌ಪೇಪರ್ ಹಿಡಿದು ಆ ಕೆಂಡದಂಥದ್ದನ್ನು ಸವರುತ್ತಿದ್ದಳು ಗಾಜು ಊದುವ ಹುಡುಗಿ. ಸುಟ್ಟ ಕಾಗದದ ವಾಸನೆ ಇನ್ನೂ ಮೂಗಲ್ಲಿದೆ. ತಿರುಗಿಸುವುದು ಮಾತ್ರ ಒಂದು ಕ್ಷಣ ನಿಲ್ಲುವ ಹಾಗಿಲ್ಲ, ನಿಂತರೆ ಗಾಜು ಜೋತುಬೀಳುತ್ತದೆ.

"ಅವತ್ತೇ ಮನೆಗೆ ತಂದ್ಯಾ?"

"ಇಲ್ಲಮ್ಮ. ಐನೂರು ಡಿಗ್ರಿ ಹತ್ತಿರ ಕಾದ ಗೂಡಲ್ಲಿಟ್ಟು ರಾತ್ರಿಯಿಡೀ ಇಷ್ಟಿಷ್ಟೇ ಆರಿಸ್ತಾರೆ. ಹೊರಗಿಟ್ರೆ ಮೇಲ್ಮೈ ಬೇಗ ತಣ್ಣಗಾಗುತ್ತೆ, ಒಳಗೆ ಬಿಸಿ ಇರುತ್ತೆ, ಎಳೆದಾಡಿ ಸೀಳಿಬಿಡುತ್ತೆ."

"ಬಾಣಂತನ," ಅಂದಳು ಅಮ್ಮ. "ಗಾಳಿ ತಾಗಬಾರದು."

ಇಬ್ಬರಿಗೂ ಮಾತು ನಿಂತುಹೋಯಿತು.

ಪುಟ್ಟಿ ಹುಟ್ಟಿದಾಗ ಅಮ್ಮ ಬರಲಾಗಲಿಲ್ಲ. ಅಪ್ಪನಿಗೆ ವಾರಕ್ಕೆ ಮೂರು ಡಯಾಲಿಸಿಸ್, ಹೇಗೆ ಬಂದಾಳು? ಇವರಿಗೆ ರಜೆ ಹತ್ತೇ ದಿನ. ಹನ್ನೊಂದನೇ ದಿನ ಮಳೆಯಲ್ಲಿ, ಕಿವಿಗೆ ಹತ್ತಿಯೂ ಇಲ್ಲದೆ, ಔಷಧಿಗೆ ನಾನೇ ನಡೆದುಹೋಗಿದ್ದೆ. ಅದನ್ನು ಫೋನಲ್ಲಿ ಹೇಳಿರಲಿಲ್ಲ. ಹೇಳದೆಯೂ ಅವಳಿಗೆ ಗೊತ್ತಿತ್ತೇನೋ. ಬೋಗುಣಿಯನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು, ಒರೆಸಲು ಅದರಲ್ಲಿ ಏನೂ ಇರಲಿಲ್ಲ.

ಸಂಜೆ ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಪಟ್ಟದ ಗೊಂಬೆ ಬಿಟ್ಟು ಕೊಳವನ್ನೇ ನೋಡಿದರು. ಎರಡು ಬೆರಳು ನೀರು, ಮೂರು ಪ್ಲಾಸ್ಟಿಕ್ ಬಾತುಕೋಳಿ. ಚರ್ಪಿನ ತಟ್ಟೆ ಹಿಡಿದ ಪುಟ್ಟ ಹುಡುಗನೊಬ್ಬ ಅತ್ತ ಓಡಿದಾಗ ನನ್ನ ಜೀವ ಬಾಯಿಗೆ ಬಂತು. ಅಮ್ಮ ಮಾತ್ರ ಅಲ್ಲಾಡಲಿಲ್ಲ.

ಈಗ ಹನ್ನೊಂದೂವರೆ. ಕಪಾಟಿನ ಮೇಲೆ ಅದು ಕೂತಿದ್ದ ಜಾಗದಲ್ಲಿ ದುಂಡಗೆ ಗಾಢ ಬಣ್ಣ, ಸುತ್ತಲಿನ ಮರವೆಲ್ಲ ಬಿಳಿಚಿದೆ. ಈ ಊರಿನ ಬಿಸಿಲಿಗೂ ಮರ ಬಿಳಿಚುತ್ತದೆಯೆ! ಮೇಣದ ಡಬ್ಬಿ ಎಲ್ಲಿಟ್ಟೆನೋ ಸಿಗುತ್ತಿಲ್ಲ.

ಅಮ್ಮನ ಟಿಕೆಟ್ಟು ನವೆಂಬರಿಗೆ. ಅಷ್ಟರೊಳಗೆ ಆ ಹನ್ನೊಂದನೇ ದಿನದ ವಿಷಯ ಹೇಳಲೇ ಅಂತ... ತಡಿ, ಒಂದು ಬಾತುಕೋಳಿ ಮಗುಚಿಕೊಂಡಿದೆ.